ಸೊಟ್ಟ ಹಲ್ಲೂ ಕಲಿತ ಯಂತ್ರವೂ

ಮುಖಕ್ಕೆ ನಗೆಯೇ ಭೂಷಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ನಗು ಬಂದೊಡನೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿಯಿಲ್ಲ! ಹಲ್ಲು ಉಬ್ಬಿರುವುದು, ಒಂದರ ಮೇಲೊಂದು ಏರಿರುವುದು, ದವಡೆಗಳು ಸರಿಯಾಗಿ ಕೂಡದಿರುವುದು ಬರಿಯ ಅಂದಚಂದದ ಮಾತಲ್ಲ. ಅಗಿಯುವುದಕ್ಕೂ ಹಲ್ಲನ್ನು ಶುಚಿಯಾಗಿಡುವುದಕ್ಕೂ ಅಡ್ಡಿಯಾಗತಕ್ಕ ಸಂಗತಿಗಳು. ಇವನ್ನು ಸರಿಪಡಿಸುವ ದಂತವೈದ್ಯರಿಗೆ ಆರ್ಥೊಡಾಂಟಿಸ್ಟ್ ಎಂದು ಹೆಸರು. ಜನರ ಬಾಯಲ್ಲಿ ಅವರು ‘ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರು’. ಈಗ ಅವರ ಮೇಜಿನ ಬಳಿ ಕೃತಕ ಬುದ್ಧಿಮತ್ತೆಯೆಂಬ ಹೊಸ ಸಹಾಯಕ ಬಂದು ನಿಂತಿದೆ. ಅದು ವೈದ್ಯರ ಕೆಲಸದಲ್ಲಿ ಯಾವ ಪಾಲನ್ನು ತೆಗೆದುಕೊಂಡೀತು, ಯಾವುದನ್ನು ಬಿಟ್ಟೀತು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರಿಗೆ ಈ ಪ್ರಶ್ನೆ ವಿಶೇಷವಾಗಿ ಸಂಬಂಧಿಸಿದ್ದು.

ಪೆನ್ಸಿಲಿನಿಂದ ಕಂಪ್ಯೂಟರಿಗೆ

ಅಮೆರಿಕದ ಎಡ್ವರ್ಡ್ ಏಂಗಲ್ ೧೮೯೯ರಲ್ಲಿ ಹಲ್ಲುಗಳ ವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ೧೯೩೧ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹಾಫ್‌ರಾತ್ ಇಬ್ಬರೂ, ತಲೆಯನ್ನು ಅಲುಗದಂತೆ ನಿಲ್ಲಿಸಿ ಪಕ್ಕದಿಂದ ಎಕ್ಸ್‌ರೇ ತೆಗೆಯುವ ಕ್ರಮವನ್ನು ಬೇರೆಬೇರೆಯಾಗಿ ಪ್ರಕಟಿಸಿದರು. ಆ ಮೇಲೆ ದಶಕಗಳ ಕಾಲ ವೈದ್ಯರು ಎಕ್ಸ್‌ರೇಯ ಮೇಲೆ ತೆಳುಕಾಗದವನ್ನಿಟ್ಟು, ಮೂಳೆಯ ಅಂಚುಗಳಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಗೆರೆ ಎಳೆದು, ಕೋನಗಳನ್ನು ಅಳೆದರು. ದವಡೆ ಎಷ್ಟು ಮುಂದಿದೆ, ಹಲ್ಲು ಎಷ್ಟು ವಾಲಿದೆ ಎಂಬುದನ್ನು ಆ ಗೆರೆಗಳೇ ಹೇಳುತ್ತಿದ್ದವು.

ಈ ಚುಕ್ಕೆಗಳನ್ನು ಯಂತ್ರವೇ ಇಡಬಲ್ಲುದೇ ಎಂಬುದನ್ನು ಪರೀಕ್ಷಿಸಲು ೨೦೧೪ ಮತ್ತು ೨೦೧೫ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳು ನಡೆದವು. ೪೦೦ ಎಕ್ಸ್‌ರೇಗಳು, ಒಂದೊಂದರಲ್ಲೂ ೧೯ ಬಿಂದುಗಳು. ಎರಡನೆಯ ಸ್ಪರ್ಧೆಯಲ್ಲಿ ಮೇಲ್ಗೈ ಪಡೆದ ಕ್ರಮವು ಸುಮಾರು ಮುಕ್ಕಾಲು ಪಾಲು ಬಿಂದುಗಳನ್ನು ೨ ಮಿಲಿಮೀಟರಿನೊಳಗೆ ಗುರುತಿಸಿತು. ಅದೇ ಚಿತ್ರಗಳಿಗೆ ಚುಕ್ಕೆಯಿಟ್ಟ ಇಬ್ಬರು ವೈದ್ಯರ ಗುರುತುಗಳೂ ಪರಸ್ಪರ ಪೂರ್ತಿ ಹೊಂದಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಅಂದಿನಿಂದ ಯಂತ್ರ ಮತ್ತಷ್ಟು ಚುರುಕಾಗಿದೆ. ಹಿಂದೆ ಬಹಳ ಹೊತ್ತು ಹಿಡಿಯುತ್ತಿದ್ದ ಅಳತೆ ಈಗ ಕ್ಷಣಗಳ ಕೆಲಸ.

ಯಂತ್ರ ಬರೆದ ಗೆರೆಯನ್ನು ಓದುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಗೌರಿಬಿದನೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಭೂಕಂಪನ ವೀಕ್ಷಣಾಲಯವು ದೂರದೇಶಗಳ ನೆಲದ ನಡುಕವನ್ನು ದಾಖಲಿಸುತ್ತ ಬಂದಿದೆ. ಆದರೆ ಆ ಗೆರೆ ಭೂಕಂಪದ್ದೋ, ಭೂಗರ್ಭದಲ್ಲಿ ಸಿಡಿಸಿದ ಅಣುಬಾಂಬಿನದೋ ಎಂದು ನಿರ್ಣಯಿಸುವುದಕ್ಕೆ ಬಲ್ಲವರ ವಿವೇಚನೆ ಬೇಕು. ಹಲ್ಲಿನ ವಿಷಯವೂ ಹಾಗೆಯೇ.

ಉಳಿಯುವ ಪ್ರಯಾಣ

ಕ್ಲಿಪ್ಪಿನ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳದು; ನಾಲ್ಕರಿಂದ ಆರು ವಾರಗಳಿಗೊಮ್ಮೆ ವೈದ್ಯರನ್ನು ಕಾಣಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯವರು ಮಗಳಿಗೆ ಬೆಂಗಳೂರಿನಲ್ಲಿ ಕ್ಲಿಪ್ ಹಾಕಿಸಿದ್ದಾರೆನ್ನೋಣ. ಪ್ರತಿ ಸಲವೂ ಬಸ್ಸಿನ ಖರ್ಚು, ತಾಯಿಗೋ ತಂದೆಗೋ ಒಂದು ದಿನದ ಕೂಲಿ, ಮಗುವಿಗೆ ಒಂದು ದಿನದ ಪಾಠ ನಷ್ಟ. ಹಲ್ಲಿನ ಚಿತ್ರಗಳನ್ನು ಮನೆಯಲ್ಲೇ ಮೊಬೈಲಿನಿಂದ ತೆಗೆದು ಕಳುಹಿಸಿದರೆ, ಯಂತ್ರವು ಪರಿಶೀಲಿಸಿ ‘ಎಲ್ಲವೂ ಕ್ರಮವಾಗಿದೆ’ ಎಂದೋ, ‘ತಂತಿ ಸಡಿಲಿದೆ, ಬೇಗ ಬನ್ನಿ’ ಎಂದೋ ವೈದ್ಯರಿಗೆ ತಿಳಿಸುವ ವ್ಯವಸ್ಥೆಗಳು ಹೊರದೇಶಗಳಲ್ಲಿ ಬಳಕೆಗೆ ಬಂದಿವೆ. ಇಂಥದು ನಮ್ಮಲ್ಲಿ ಕೈಗೆಟಕುವ ಬೆಲೆಗೆ ದೊರೆತರೆ ಹಲವು ಪ್ರಯಾಣಗಳು ಉಳಿದಾವು. ಆದರೆ ಹಲ್ಲು ಬೇಗ ಸರಿಯದು. ತಂತಿ ಒತ್ತಿದ ಕಡೆ ಮೂಳೆ ಕರಗಿ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆದಂತೆಲ್ಲ ಅದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಚಲಿಸುತ್ತದೆ. ಈ ದೇಹಧರ್ಮವನ್ನು ಯಾವ ಯಂತ್ರಬುದ್ಧಿಯೂ ಅವಸರಪಡಿಸಲಾರದು.

ನೀರು ಬರೆದ ಕಲೆ

ಈ ನಾಲ್ಕು ಊರುಗಳ ವೈದ್ಯರಿಗೆ ಇನ್ನೊಂದು ತೊಡಕುಂಟು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಆಳವಾದ ಕೊಳವೆಬಾವಿಗಳೇ ಬಹುಕಾಲದ ಆಸರೆ. ಹಲವೆಡೆ ಆ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದ ಕಡೆ ೧.೫ ಮಿಲಿಗ್ರಾಂ ಕೊನೆಯ ಮಿತಿಯೆಂದೂ ಭಾರತೀಯ ಮಾನಕ ಸಂಸ್ಥೆಯ ನಿಯಮ. ಎಂಟು ವರ್ಷದೊಳಗಿನ ಮಕ್ಕಳು ಹೆಚ್ಚು ಫ್ಲೋರೈಡಿನ ನೀರು ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲ್ಪದರವೇ ಕೆಡುತ್ತದೆ. ಹುಟ್ಟಿದ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆಗಳು ಕಾಣಿಸುತ್ತವೆ.

ಕ್ಲಿಪ್ಪಿನ ಬಿಲ್ಲೆಗಳನ್ನು ಅಂಟಿಸುವ ಮೊದಲು ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ತುಸು ಒರಟಾಗಿಸುವುದು ವಾಡಿಕೆ. ಫ್ಲೋರೈಡು ತುಂಬಿದ ಹಲ್ಲು ಆ ಆಮ್ಲಕ್ಕೆ ಸುಲಭವಾಗಿ ಮಣಿಯದು. ಬಿಲ್ಲೆ ಬೇಗ ಕಳಚೀತು. ಇನ್ನೊಂದು ಸೂಕ್ಷ್ಮವೂ ಇದೆ. ಕ್ಲಿಪ್ ಹಾಕಿದವರು ಸರಿಯಾಗಿ ಹಲ್ಲುಜ್ಜದಿದ್ದರೆ ಬಿಲ್ಲೆಯ ಸುತ್ತ ಬಿಳಿ ಮಚ್ಚೆ ಮೂಡುತ್ತದೆ. ಅದು ಹುಳುಕಿನ ಮೊದಲ ಗುರುತು. ಫ್ಲೋರೈಡಿನ ಕಲೆಯೂ ಬಿಳಿಯೇ! ಇಂಥ ಹಲ್ಲುಗಳನ್ನು ಕಂಡೇ ಇರದ ಯಂತ್ರವು ಒಂದನ್ನು ಇನ್ನೊಂದೆಂದು ಭ್ರಮಿಸಬಹುದು. ‘ಯಾವ ಊರು? ಚಿಕ್ಕಂದಿನಲ್ಲಿ ಯಾವ ನೀರು ಕುಡಿದಿರಿ?’ ಎಂದು ಕೇಳಿ ತಿಳಿಯುವವರು ವೈದ್ಯರೇ. ಯಂತ್ರವು ತನಗೆ ತೋರಿಸಿದ್ದನ್ನಷ್ಟೇ ಕಲಿಯುತ್ತದೆ. ಆದ್ದರಿಂದ ಚಿಂತಾಮಣಿಯ ಹಲ್ಲನ್ನೂ ಗೌರಿಬಿದನೂರಿನ ಹಲ್ಲನ್ನೂ ಅದಕ್ಕೆ ತೋರಿಸಬೇಕು. ಮುಖದ ಅಳತೆಗೂ ಇದೇ ಮಾತು: ೧೯೫೩ರಲ್ಲಿ ಅಮೆರಿಕದ ಸ್ಟೈನರ್ ತಮ್ಮ ನಾಡಿನ ಬಿಳಿಯರ ಮುಖಗಳಿಗೆ ಹೊಂದುವಂತೆ ಕೊಟ್ಟ ಅಂಕೆಗಳು ನಮ್ಮ ಮುಖಗಳಿಗೆ ಹಾಗೆಹಾಗೆಯೇ ಒಪ್ಪವು.

ಹೊಣೆ ಹೊರುವವರಾರು?

ವೈದ್ಯರನ್ನು ದೂರವಿಟ್ಟು ಹಲ್ಲು ನೇರಮಾಡಿಸಲು ಹೊರಟರೆ ಏನಾದೀತೆಂಬುದಕ್ಕೆ ನಿದರ್ಶನವೂ ಇದೆ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಎಂಬ ಕಂಪನಿ, ಗಿರಾಕಿಗಳು ಮನೆಯಲ್ಲೇ ತೆಗೆದ ಹಲ್ಲಿನ ಅಚ್ಚನ್ನು ತರಿಸಿಕೊಂಡು ಪಾರದರ್ಶಕ ಕವಚಗಳನ್ನು ಅಂಚೆಯಲ್ಲಿ ಕಳುಹಿಸುತ್ತಿತ್ತು. ೨೦೨೩ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿದಾಗ, ಚಿಕಿತ್ಸೆಯ ನಡುದಾರಿಯಲ್ಲಿದ್ದವರು ಯಾರನ್ನು ಕೇಳಬೇಕೆಂದು ತಿಳಿಯದೆ ಉಳಿದರು.

ಇಕ್ಕಟ್ಟಾದ ಬಾಯಲ್ಲಿ ಜಾಗ ಮಾಡಲು ಕೆಲವೊಮ್ಮೆ ನಾಲ್ಕು ಒಳ್ಳೆಯ ಹಲ್ಲುಗಳನ್ನೇ ಕೀಳಬೇಕಾಗುತ್ತದೆ. ಕಿತ್ತ ಹಲ್ಲು ಮತ್ತೆ ಬಾರದು. ‘ಕೀಳಬಹುದು’ ಎಂದು ಯಂತ್ರ ಸೂಚಿಸೀತು. ಆದರೆ ಬೆಳೆಯುವ ಮಗುವಿನ ಮುಖವನ್ನು ನೋಡಿ, ಹೆತ್ತವರಿಗೆ ತಿಳಿಯುವಂತೆ ವಿವರಿಸಿ, ನಾಳೆ ತಪ್ಪಾದರೆ ಉತ್ತರ ಹೇಳಬೇಕಾದವರು ವೈದ್ಯರು. ಅಳೆಯುವ, ಕಾವಲು ಕಾಯುವ ದುಡಿಮೆ ಯಂತ್ರಕ್ಕೆ ಹೋದಷ್ಟೂ ಈ ಮಾತುಕತೆಗೆ ಅವರಿಗೆ ಹೊತ್ತು ಸಿಕ್ಕೀತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ತಕ್ಕಡಿ ಗೂಡಿನ ತೂಕವನ್ನು ಹೇಳುತ್ತದೆ. ಗೂಡಿನ ಗುಣವನ್ನರಿಯಲು ಅನುಭವಿ ಇಂದಿಗೂ ಒಂದು ಹಿಡಿ ಗೂಡನ್ನು ಕೈಗೆತ್ತಿಕೊಳ್ಳುತ್ತಾನೆ. ಮಗುವಿನ ಹಲ್ಲಿಗೂ ತಕ್ಕಡಿ ಇರಲಿ, ಕೈಯೂ ಇರಲಿ.