ಮೊಬೈಲಿನಲ್ಲಿ ಕಂಡ ಹಳೆಯ ಯಂತ್ರೋಪಕರಣ: ಕೊಳ್ಳುವ ಮುನ್ನ ಎಚ್ಚರ

ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ದ್ರಾಕ್ಷಿಯು ಒಂದು ಮುಖ್ಯ ತೋಟಗಾರಿಕೆ ಬೆಳೆಯಾಗಿದೆ. ದ್ರಾಕ್ಷಿ ತೋಟಕ್ಕೆ ಸಣ್ಣ ಟ್ರ್ಯಾಕ್ಟರು, ಅದಕ್ಕೆ ಜೋಡಿಸುವ ಬ್ಲೋವರ್ ಸಿಂಪರಣಾ ಯಂತ್ರ, ಕೊಳವೆ ಬಾವಿಯ ಪಂಪು, ಹನಿ ನೀರಾವರಿ ಕೊಳವೆಗಳು ಬೇಕೇ ಬೇಕು. ಇವೆಲ್ಲವನ್ನೂ ಹೊಸದಾಗಿ ಕೊಳ್ಳುವುದು ಸಣ್ಣ ಹಿಡುವಳಿದಾರರ ಶಕ್ತಿಗೆ ಮೀರಿದ್ದು. ಆದುದರಿಂದ ಒಬ್ಬರು ಬಳಸಿದ ಯಂತ್ರವನ್ನು ಇನ್ನೊಬ್ಬರು ಕೊಳ್ಳುವುದು ಹಿಂದಿನಿಂದಲೂ ನಡೆದು ಬಂದಿದೆ. ಇದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ನೋಡಿಕೊಂಡ ಹಳೆಯ ಯಂತ್ರವು ಅನೇಕ ವರ್ಷ ದುಡಿಯಬಲ್ಲದು.

ಆದರೆ ಈಚಿನ ವರ್ಷಗಳಲ್ಲಿ ಈ ವ್ಯಾಪಾರದ ರೀತಿ ಬದಲಾಗಿದೆ. ಹಿಂದೆ ಮಾರುವವನು ಪಕ್ಕದ ಊರಿನವನಾಗಿರುತ್ತಿದ್ದನು, ಇಲ್ಲವೇ ಪರಿಚಯದ ಮೇಸ್ತ್ರಿಯ ಮೂಲಕ ಬರುತ್ತಿದ್ದನು. ಈಗ ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಯಂತ್ರದ ಚಿತ್ರ ಮತ್ತು ಬೆಲೆ ಮೊದಲು ಕಾಣುತ್ತವೆ. ಮಾರುವವನ ಮುಖ ಕಾಣುವುದಿಲ್ಲ. ಈ ಅನುಕೂಲದ ಜೊತೆಗೇ ಮೋಸಕ್ಕೂ ದಾರಿಯಾಗಿದೆ. ಅದನ್ನು ತಪ್ಪಿಸುವ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಸಂತೆಯಲ್ಲಿದ್ದ ರಕ್ಷಣೆ ಇಲ್ಲಿಲ್ಲ

ಸಂಕ್ರಮಣದ ಕಾಲಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಏನು ಮಾಡುತ್ತಾನೆಂಬುದನ್ನು ನೆನಪಿಸಿಕೊಳ್ಳಿ. ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ, ಮಾರುವವನ ಊರು ಕೇರಿ ವಿಚಾರಿಸುತ್ತಾನೆ. ನಾಲ್ಕು ಜನರ ಎದುರಿಗೆ ಬೆಲೆ ಮುರಿದು, ಎತ್ತಿನ ಹಗ್ಗ ಕೈಗೆ ಬಂದ ಮೇಲೆ ಹಣ ಎಣಿಸುತ್ತಾನೆ. ಅಂದರೆ ಮಾಲು, ಮಾಲೀಕ, ಸಾಕ್ಷಿ, ಹಣ ಈ ನಾಲ್ಕೂ ಒಂದೇ ಜಾಗದಲ್ಲಿ ಸೇರುತ್ತವೆ.

ಮೊಬೈಲಿನ ವ್ಯಾಪಾರದಲ್ಲಿ ಈ ನಾಲ್ಕೂ ಬೇರೆ ಬೇರೆಯಾಗುತ್ತವೆ. ಚಿತ್ರ ಒಂದು ಕಡೆ, ಮಾಲು ಮತ್ತೊಂದು ಕಡೆ, ಮಾತನಾಡುವವನು ಎಲ್ಲಿಯೋ, ಹಣ ಸೇರುವ ಖಾತೆ ಇನ್ನಾರದೋ. ಇವುಗಳನ್ನು ಮತ್ತೆ ಒಂದೆಡೆ ಸೇರಿಸುವುದೇ ಕೊಳ್ಳುವವನ ಮೊದಲ ಕೆಲಸ.

ಮೋಸ ನಡೆಯುವ ರೀತಿಗಳು

1. ಸಂಚಕಾರದ ಮೋಸ: ಪೇಟೆಯ ಬೆಲೆಗಿಂತ ಬಹಳ ಕಡಿಮೆ ಬೆಲೆಗೆ ಒಳ್ಳೆಯ ಯಂತ್ರದ ಚಿತ್ರ ಹಾಕಿರುತ್ತಾರೆ. ಕರೆ ಮಾಡಿದರೆ, "ಕೇಳುವವರು ಬಹಳ ಮಂದಿ ಇದ್ದಾರೆ, ಈಗಲೇ ಸ್ವಲ್ಪ ಸಂಚಕಾರ ಕಳುಹಿಸಿದರೆ ನಿಮಗಾಗಿ ಇಡುತ್ತೇನೆ" ಎನ್ನುತ್ತಾರೆ. ಅದನ್ನು ಕಳುಹಿಸಿದ ಮೇಲೆ ಲಾರಿ ಬಾಡಿಗೆ, ನಂತರ ವಿಮೆ, ನಂತರ ತೆರಿಗೆ ಎಂದು ಒಂದೊಂದೇ ಬೇಡಿಕೆ ಬರುತ್ತದೆ. ಮೊದಲು ಹೋದ ಹಣ ಉಳಿಸಿಕೊಳ್ಳುವ ಆಸೆಯಿಂದ ರೈತನು ಮತ್ತಷ್ಟು ಕಳುಹಿಸುತ್ತಾನೆ. ಕೊನೆಗೆ ಫೋನು ಬಂದ್ ಆಗುತ್ತದೆ.

2. ಸೈನಿಕನ ವೇಷ: "ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಗಾಡಿಯನ್ನು ಬೇಗ ಮಾರಬೇಕು" ಎಂದು ಹೇಳಿ ಸಮವಸ್ತ್ರದ ಚಿತ್ರ ಮತ್ತು ಗುರುತಿನ ಚೀಟಿ ಕಳುಹಿಸುತ್ತಾರೆ. ಸೈನಿಕರ ಮೇಲೆ ನಮ್ಮ ಜನರಿಗಿರುವ ಗೌರವವನ್ನೇ ಇವರು ಬಂಡವಾಳ ಮಾಡಿಕೊಳ್ಳುತ್ತಾರೆ. ಭಾರತೀಯ ರಿಸರ್ವ್ ಬ್ಯಾಂಕು 2022ರ ಮಾರ್ಚಿಯಲ್ಲಿ ಹೊರತಂದ ಎಚ್ಚರಿಕೆಯ ಕಿರುಹೊತ್ತಿಗೆಯಲ್ಲಿಯೂ ದೂರದ ಠಾಣೆಯ ಸೈನಿಕರೆಂದು ನಂಬಿಸುವ ಮೋಸಗಾರರ ವಿಷಯ ಬಂದಿದೆ. ಫೋನಿಗೆ ಬಂದ ಗುರುತಿನ ಚೀಟಿಯ ಚಿತ್ರವು ಯಾವುದಕ್ಕೂ ಪುರಾವೆಯಲ್ಲ.

3. ನಡುವೆ ನಿಂತವನ ಮೋಸ: ಇದು ಹೆಚ್ಚು ಅಪಾಯಕಾರಿ. ಏಕೆಂದರೆ ಇಲ್ಲಿ ಯಂತ್ರ ನಿಜವಾಗಿಯೂ ಇರುತ್ತದೆ. ನಿಜವಾದ ಮಾಲೀಕನು ಹಾಕಿದ ಜಾಹೀರಾತನ್ನು ಮೋಸಗಾರನು ನಕಲು ಮಾಡಿ, ಕಡಿಮೆ ಬೆಲೆಗೆ ಮತ್ತೆ ಹಾಕುತ್ತಾನೆ. ಕೊಳ್ಳುವವನಿಗೆ, "ಯಂತ್ರ ನಮ್ಮ ಸಂಬಂಧಿಕರ ಹೊಲದಲ್ಲಿದೆ, ಹೋಗಿ ನೋಡಿ, ಬೆಲೆಯ ಮಾತು ಮಾತ್ರ ಅವರೊಡನೆ ಆಡಬೇಡಿ" ಎನ್ನುತ್ತಾನೆ. ಮಾಲೀಕನಿಗೆ, "ನನ್ನ ಕಡೆಯವರು ನೋಡಲು ಬರುತ್ತಾರೆ, ಹಣ ನಾನೇ ಕೊಡುತ್ತೇನೆ" ಎನ್ನುತ್ತಾನೆ. ಕೊಳ್ಳುವವನು ಯಂತ್ರ ನೋಡಿ ಒಪ್ಪಿ, ಫೋನಿನವನ ಖಾತೆಗೆ ಹಣ ಹಾಕುತ್ತಾನೆ. ಮಾಲೀಕನಿಗೆ ಬಿಡಿಗಾಸೂ ಬಂದಿರುವುದಿಲ್ಲ; ಅವನು ಯಂತ್ರ ಬಿಡುವುದಿಲ್ಲ. "ಬೆಲೆಯ ಮಾತು ಆಡಬೇಡಿ" ಎಂದು ಯಾರೇ ಹೇಳಲಿ, ಅಲ್ಲಿಗೇ ವ್ಯಾಪಾರ ನಿಲ್ಲಿಸುವುದು ಲೇಸು.

4. ಸಾಲದ ಅಥವಾ ಕಳವಿನ ಮಾಲು: ಮಾರುವವನೂ ಇರುತ್ತಾನೆ, ಯಂತ್ರವೂ ಕೈಸೇರುತ್ತದೆ. ಆದರೆ ಅದರ ಮೇಲೆ ಬ್ಯಾಂಕಿನ ಅಥವಾ ಹಣಕಾಸು ಕಂಪನಿಯ ಸಾಲ ಉಳಿದಿರುತ್ತದೆ, ಇಲ್ಲವೇ ಅದು ಕದ್ದ ಮಾಲಾಗಿರುತ್ತದೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರುವವನಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಂಡವನಿಗೂ ಬರುವುದಿಲ್ಲ. ಕದ್ದ ಪಂಪನ್ನು ಪೂರ್ಣ ಬೆಲೆ ಕೊಟ್ಟು ಕೊಂಡರೂ ಅದು ಮೂಲ ಮಾಲೀಕನದೇ. ಕದ್ದದ್ದೆಂದು ತಿಳಿದೂ ಕೊಂಡರೆ ಅದು ಅಪರಾಧವಾಗುತ್ತದೆ.

ಮೂರು ಹೆಸರುಗಳು ಒಂದಾಗಬೇಕು

ಮೇಲಿನ ಮೋಸಗಳಲ್ಲಿ ಹೆಚ್ಚಿನವನ್ನು ಒಂದು ಸರಳ ನಿಯಮದಿಂದ ತಡೆಯಬಹುದು. ಹಣ ಕೊಡುವ ಮೊದಲು ಈ ಮೂರು ಹೆಸರುಗಳನ್ನು ಹೋಲಿಸಿ ನೋಡಬೇಕು.

(ಅ) ನೋಂದಣಿ ಪುಸ್ತಕ ಅಥವಾ ಮೂಲ ಖರೀದಿ ಬಿಲ್ಲಿನಲ್ಲಿರುವ ಹೆಸರು.
(ಆ) ಎದುರಿಗೆ ನಿಂತು ಮಾರುತ್ತಿರುವವನ ಮೂಲ ಗುರುತಿನ ಚೀಟಿಯಲ್ಲಿರುವ ಹೆಸರು.
(ಇ) ಹಣ ಸೇರುವ ಬ್ಯಾಂಕ್ ಖಾತೆಯ ಹೆಸರು.

ಯುಪಿಐ ಮೂಲಕ ಹಣ ಕಳುಹಿಸುವಾಗ, ಪಿನ್ ಒತ್ತುವ ಮೊದಲೇ ಖಾತೆದಾರನ ಹೆಸರು ಮೊಬೈಲಿನಲ್ಲಿ ಕಾಣುತ್ತದೆ. ಅದನ್ನು ಓದದೆ ಮುಂದುವರಿಯಬಾರದು. ಮೂರರಲ್ಲಿ ಒಂದು ಹೆಸರು ಬೇರೆಯಾಗಿದ್ದರೂ, "ನಮ್ಮ ಅಳಿಯನ ಖಾತೆ", "ಮ್ಯಾನೇಜರ ಖಾತೆ" ಮುಂತಾದ ಕಾರಣಗಳಿಗೆ ಕಿವಿಗೊಡದೆ ಹಣವನ್ನು ತಡೆಹಿಡಿಯಬೇಕು. ಮಾಲೀಕನು ತೀರಿಕೊಂಡಿದ್ದರೆ ವಾಹನವು ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಬೇಕು, ನಂತರವೇ ಖರೀದಿ.

ಟ್ರ್ಯಾಕ್ಟರಿನ ಕಾಗದಪತ್ರಗಳು

ಟ್ರ್ಯಾಕ್ಟರು ನೋಂದಣಿಯಾಗುವ ವಾಹನವಾದುದರಿಂದ ಅದರ ವಿವರಗಳನ್ನು ಮನೆಯಲ್ಲಿಯೇ ಕುಳಿತು ಪರಿಶೀಲಿಸಬಹುದು. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ ಮುಂತಾದ ವಿವರಗಳು ತಿಳಿಯುತ್ತವೆ. ಸ್ಥಳದಲ್ಲಿ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಪುಸ್ತಕದೊಡನೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ಉಜ್ಜಿದ ಅಥವಾ ಮತ್ತೆ ಕೊರೆದ ಗುರುತು ಕಂಡರೆ ಕೊಳ್ಳಬಾರದು.

ಸಾಲದಲ್ಲಿ ಕೊಂಡ ಟ್ರ್ಯಾಕ್ಟರಾದರೆ ನೋಂದಣಿ ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರು ನಮೂದಾಗಿರುತ್ತದೆ. ಸಾಲ ತೀರಿದುದಕ್ಕೆ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಬೇಕು. "ಉಳಿದ ಕಂತು ನೀವೇ ಕಟ್ಟಿಕೊಂಡು ಹೋಗಿ" ಎಂಬ ಬಾಯಿಮಾತಿನ ಒಪ್ಪಂದಕ್ಕೆ ಬೆಲೆಯಿಲ್ಲ. ಕಂತು ತಪ್ಪಿದರೆ ಸಾಲ ಕೊಟ್ಟವರು ಬಂದು ಎಳೆದುಕೊಂಡು ಹೋಗುವುದು ನಿಮ್ಮ ಹೊಲದಲ್ಲಿರುವ ಟ್ರ್ಯಾಕ್ಟರನ್ನೇ.

ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಬಳಕೆಯಲ್ಲಿವೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯ ವರ್ಗಾವಣೆಗೂ ಕೊಂಡವನು 14 ದಿನಗಳೊಳಗೆ ಅರ್ಜಿ ಕೊಡಬೇಕು.

ನಮ್ಮ ಭಾಗಕ್ಕೆ ಮಹಾರಾಷ್ಟ್ರದ ಗಡಿ ಹತ್ತಿರವಾದುದರಿಂದ ಸಾಂಗ್ಲಿ (ಎಂಎಚ್ 10) ಮತ್ತು ಸೊಲ್ಲಾಪುರ (ಎಂಎಚ್ 13) ನೋಂದಣಿಯ ಗಾಡಿಗಳು ಮಾರಾಟಕ್ಕೆ ಬರುತ್ತವೆ. ಇಂಥವಕ್ಕೆ ಮೂಲ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಗಾಡಿಯು 12 ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಉಳಿಯುವುದಾದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ವಿಜಯಪುರದ ಸಾರಿಗೆ ಕಚೇರಿಯಲ್ಲಿ (ಕೆಎ 28) ತೆರಿಗೆ ಮತ್ತು ಶುಲ್ಕವನ್ನು ಮೊದಲೇ ವಿಚಾರಿಸಿ, ಆ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿರಿ. ಅಗ್ಗವೆಂದು ಕಂಡದ್ದು ಹಲವು ಸಲ ಆಗ ಅಗ್ಗವಾಗಿ ಉಳಿಯುವುದಿಲ್ಲ.

ಮಾರುವ ರೈತರಿಗೂ ಒಂದು ಮಾತು. ಹೆಸರು ವರ್ಗವಾಗದೆ ಗಾಡಿ ಬಿಟ್ಟುಕೊಡಬೇಡಿ. ವಾಹನವು ಹಲವು ಕೈ ದಾಟಿದ್ದರೂ ನೋಂದಣಿ ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿದೆ. ಹಾಗೆಯೇ, ಹಣ ಪಡೆಯಲು ಪಿನ್ ಒತ್ತುವ ಅಥವಾ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯ ಎಂದೂ ಇರುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಯಂತ್ರದ ಪರೀಕ್ಷೆ

ಹಳೆಯ ಯಂತ್ರವನ್ನು ನೋಡಲು ಹೋಗುವಾಗ ನಂಬಿಕೆಯ ಮೇಸ್ತ್ರಿಯನ್ನು ಕರೆದೊಯ್ಯುವುದು ಸೂಕ್ತ. ಹಗಲು ಹೊತ್ತಿನಲ್ಲಿ, ಇಬ್ಬರು ಮೂವರು ಕೂಡಿ ಹೋಗಬೇಕು. ದೊಡ್ಡ ಮೊತ್ತದ ನಗದು ಒಯ್ಯಬಾರದು.

ಟ್ರ್ಯಾಕ್ಟರು: ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ ಚಾಲೂ ಮಾಡುವ ತೊಂದರೆ ಮುಚ್ಚಿಹೋಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಆಯಿಲ್ ಕಡ್ಡಿ ತೆಗೆದಾಗ ಅದು ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿರುತ್ತದೆ. ಹೈಡ್ರಾಲಿಕ್ ಮೇಲೆ ಭಾರ ಎತ್ತಿಸಿ, ಸ್ವಲ್ಪ ಹೊತ್ತು ಕೆಳಗಿಳಿಯದೆ ನಿಲ್ಲುತ್ತದೆಯೇ ನೋಡಬೇಕು. ಗಂಟೆಯ ಮೀಟರು ಕಡಿಮೆ ತೋರಿಸುತ್ತಿದ್ದು, ಪೆಡಲುಗಳು ಬಹಳ ಸವೆದಿದ್ದರೆ ಮೀಟರನ್ನು ನಂಬಬಾರದು.

ಬ್ಲೋವರ್: ಟ್ಯಾಂಕಿಗೆ ಬರೀ ನೀರು ತುಂಬಿ, ಟ್ರ್ಯಾಕ್ಟರಿಗೆ ಜೋಡಿಸಿ ನಡೆಸಿ ನೋಡಬೇಕು. ಒತ್ತಡ ಸ್ಥಿರವಾಗಿದೆಯೇ, ಎರಡೂ ಬದಿಯ ನಾಜಲುಗಳಿಂದ ಸಿಂಪರಣೆ ಸಮನಾಗಿದೆಯೇ, ಫ್ಯಾನು ಅದುರುತ್ತದೆಯೇ ಎಂಬುದನ್ನು ಗಮನಿಸಬೇಕು. ನಿಮ್ಮ ಟ್ರ್ಯಾಕ್ಟರಿನ ಶಕ್ತಿಗೆ ಅದು ಹೊಂದುತ್ತದೆಯೇ ಎಂಬುದೂ ಮುಖ್ಯ.

ಸಬ್‌ಮರ್ಸಿಬಲ್ ಪಂಪು: ಇದಕ್ಕೆ ನೋಂದಣಿ ಪುಸ್ತಕವಿಲ್ಲ. ಆದುದರಿಂದ ಮೂಲ ಬಿಲ್ಲನ್ನೇ ಕೇಳಬೇಕು, ಬಿಲ್ಲಿನ ಸಂಖ್ಯೆಯನ್ನು ಪಂಪಿನ ಮೇಲಿನ ತಗಡಿನ ಸಂಖ್ಯೆಯೊಡನೆ ಹೋಲಿಸಬೇಕು. ತಗಡು ಕಿತ್ತಿದ್ದರೆ ಅನುಮಾನ ಪಡಬೇಕು. ವೈಂಡಿಂಗ್ ಎಷ್ಟು ಸಲ ಆಗಿದೆ ಎಂದು ವಿಚಾರಿಸಿ, ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು.

ಹನಿ ಕೊಳವೆ: ಕೊಳವೆ ಬಾವಿಯ ಗಡಸು ನೀರಿನಿಂದ ಹನಿ ರಂಧ್ರಗಳಲ್ಲಿ ಉಪ್ಪು ಕಟ್ಟಿರುವ ಸಂಭವ ಹೆಚ್ಚು. ಬಿಸಿಲಿಗೆ ಬಿದ್ದ ಕೊಳವೆ ಬಗ್ಗಿಸಿದರೆ ಸೀಳುತ್ತದೆ. ನೀರು ಹರಿಸಿ ನೋಡದೆ ಸುರುಳಿಯ ಲೆಕ್ಕದಲ್ಲಿ ಕೊಳ್ಳಬಾರದು.

ಮೊಬೈಲ್ ಫೋನು: ಹಳೆಯ ಫೋನು ಕೊಳ್ಳುವಾಗ ಅದರಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. 2023ರಲ್ಲಿ ಆರಂಭವಾದ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ, ಕಳವಿನ ದೂರಿನಿಂದ ಫೋನು ತಡೆಹಿಡಿಯಲ್ಪಟ್ಟಿದೆಯೇ ಎಂಬುದು ತಿಳಿಯುತ್ತದೆ.

ವ್ಯಾಪಾರ ಕುದುರಿದ ಮೇಲೆ ಯಂತ್ರದ ವಿವರ, ಸಂಖ್ಯೆ, ಬೆಲೆ, ದಿನಾಂಕ ಬರೆದ ಖರೀದಿ ಪತ್ರಕ್ಕೆ ಇಬ್ಬರೂ ಸಹಿ ಮಾಡಿ, ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದರಿಂದ ಪುರಾವೆ ಉಳಿಯುತ್ತದೆ.

ಅವಸರವೇ ಮೋಸಕ್ಕೆ ಬೀಜ

ಅಕ್ಟೋಬರ್ ಚಾಟ್ನಿಯ ನಂತರ ಮಳೆ ಹಿಡಿದು ಡೌನಿ ರೋಗದ ಭೀತಿ ಬಂದಾಗ ಸಿಂಪರಣೆ ಒಂದು ದಿನವೂ ತಡೆಯುವಂತಿಲ್ಲ. ಇದ್ದ ಬ್ಲೋವರ್ ಕೆಟ್ಟರೆ ರೈತನು ಸಿಕ್ಕಿದ್ದನ್ನು ಕೊಳ್ಳಲು ಮುಂದಾಗುತ್ತಾನೆ. ಮೋಸಗಾರನಿಗೆ ಬೇಕಾದದ್ದು ಇಂಥ ಅವಸರವೇ. ಆದುದರಿಂದ ಯಂತ್ರದ ಖರೀದಿ ಮತ್ತು ದುರಸ್ತಿಯನ್ನು ಚಾಟ್ನಿಗೆ ಎರಡು ತಿಂಗಳು ಮೊದಲೇ ಮುಗಿಸಿಕೊಳ್ಳಬೇಕು. ತುರ್ತು ಬಿದ್ದರೆ ನೆರೆಯವರಿಂದ ಅಥವಾ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ಯಂತ್ರ ಸಿಗುವುದೇ ಎಂದು ಮೊದಲು ವಿಚಾರಿಸಬೇಕು. ಎರಡು ದಿನದ ಬಾಡಿಗೆ ಕೊಟ್ಟರೆ ನಷ್ಟವಾಗುವುದಿಲ್ಲ. ನೋಡದ ಯಂತ್ರಕ್ಕೆ ಕೊಟ್ಟ ಹಣದಲ್ಲಿ ಇಡೀ ಹಂಗಾಮಿನ ಔಷಧದ ಖರ್ಚು ಹೋಗಬಹುದು.

ಮೋಸವಾದರೆ ಏನು ಮಾಡಬೇಕು?

1. ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಹಣವು ಮೋಸಗಾರನ ಖಾತೆಯಿಂದ ಮುಂದೆ ಸಾಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗಬಹುದು. ಇಲ್ಲಿ ಗಂಟೆ ಗಂಟೆಯೂ ಮುಖ್ಯ.
2. ಕೂಡಲೇ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಪಡೆಯಬೇಕು.
3. ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ವಿಜಯಪುರದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು.
4. ಜಾಹೀರಾತು, ಸಂದೇಶ, ಫೋನ್ ಸಂಖ್ಯೆ, ಹಣ ಸಂದಾಯದ ಸಂಖ್ಯೆ ಯಾವುದನ್ನೂ ಅಳಿಸಬಾರದು.
5. "ಹೋದ ಹಣ ಮರಳಿ ಕೊಡಿಸುತ್ತೇವೆ, ಶುಲ್ಕ ಕಟ್ಟಿ" ಎಂದು ಬರುವ ಕರೆ ಎರಡನೆಯ ಮೋಸ. ಅದಕ್ಕೆ ಉತ್ತರಿಸಬಾರದು.

ನಾಚಿಕೆಯಿಂದ ಮೋಸವನ್ನು ಮುಚ್ಚಿಟ್ಟರೆ ಲಾಭವಾಗುವುದು ಮೋಸಗಾರನಿಗೆ ಮಾತ್ರ. ಓದಿದವರೂ ನೌಕರರೂ ಇಂಥ ಬಲೆಗೆ ಬಿದ್ದಿದ್ದಾರೆ. ಊರಿನಲ್ಲಿ ಒಬ್ಬರಿಗೆ ಆದದ್ದು ಹತ್ತು ಜನರಿಗೆ ತಿಳಿದರೆ ಒಂಬತ್ತು ಜನರು ಉಳಿಯುತ್ತಾರೆ.

ವಿಸ್ತರಣಾ ಕಾರ್ಯಕರ್ತರು ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ "ಮೂರು ಹೆಸರು ಒಂದಾದರೆ ಹಣ, ಇಲ್ಲವಾದರೆ ಇಲ್ಲ" ಎಂದೂ, ಅದರ ಕೆಳಗೆ 1930 ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಸಬಹುದು. ಚಾಟ್ನಿಗೆ ಮುನ್ನ ನಡೆಯುವ ರೈತರ ಸಭೆಗಳಲ್ಲಿ ರೋಗ ಕೀಟಗಳ ಮಾತಿನ ಜೊತೆಗೆ ಈ ವಿಷಯಕ್ಕೂ ಹತ್ತು ನಿಮಿಷ ಮೀಸಲಿಡುವುದು ಉಪಯುಕ್ತ.

ರೈತ ಬಾಂಧವರೇ, ಹಳೆಯ ಯಂತ್ರ ಕೊಳ್ಳಿರಿ. ಆದರೆ ಎತ್ತು ಕೊಳ್ಳುವಂತೆ ಕೊಳ್ಳಿರಿ. ಕಣ್ಣಾರೆ ನೋಡಿ, ಮಾಲೀಕನನ್ನು ಗುರುತಿಸಿ, ಕಾಗದ ಓದಿ, ಸಾಕ್ಷಿಗಳ ಎದುರಿಗೆ ಹಣ ಕೊಡಿರಿ.