ಕಾಲಿನ ಗಿಣ್ಣು ಮುರಿದಾಗ

ಕಬಡ್ಡಿ ಆಡುವಾಗ ಕಾಲು ಹೊರಳುತ್ತದೆ. ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರುತ್ತದೆ. ಅವಸರದಲ್ಲಿ ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪುತ್ತದೆ. ನೋಡನೋಡುತ್ತಿದ್ದಂತೆ ಪಾದದ ಗಿಣ್ಣು ಊದಿಕೊಳ್ಳುತ್ತದೆ. ‘ಉಳುಕಿದೆಯಷ್ಟೆ, ಎಣ್ಣೆ ಹಚ್ಚಿ ನೀವಿದರೆ ಸರಿಹೋದೀತು’ ಎಂಬ ಸಲಹೆ ಮನೆಯಲ್ಲೇ ಸಿಗುತ್ತದೆ. ಆದರೆ ಅದು ಉಳುಕೋ, ಮುರಿತವೋ?

ಇದನ್ನು ಅಂದಾಜು ಮಾಡಲು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಸರಳ ಸೂತ್ರವೊಂದನ್ನು ಪ್ರಕಟಿಸಿದರು. ಗಿಣ್ಣಿನ ಬಳಿ ನೋವಿದ್ದು, ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ, ಅಥವಾ ಗಿಣ್ಣಿನ ಎರಡು ಬದಿಯ ಉಬ್ಬುಮೂಳೆಗಳ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ ಎಕ್ಸ್-ರೇ ತೆಗೆಸಬೇಕು. ಅಲ್ಲಿಯವರೆಗೆ ನೀವುವುದು, ಎಳೆಯುವುದು ಸಲ್ಲದು.

ಮೊಣಕಾಲಿನಿಂದ ಕೆಳಗಿಳಿಯುವ ಎರಡು ಮೂಳೆಗಳಲ್ಲಿ ಒಳಬದಿಯ ದಪ್ಪನೆಯದು ಟಿಬಿಯಾ, ಹೊರಬದಿಯ ತೆಳ್ಳನೆಯದು ಫಿಬುಲಾ. ಇವೆರಡರ ತುದಿಗಳು ಪಾದದ ಟೇಲಸ್ ಎಂಬ ಮೂಳೆಯನ್ನು ಇಕ್ಕಳದಂತೆ ಹಿಡಿದುಕೊಂಡಿವೆ. ಮುರಿತದಿಂದ ಇಕ್ಕಳ ಸಡಿಲವಾದರೆ ಟೇಲಸ್ ಪಕ್ಕಕ್ಕೆ ಸರಿಯುತ್ತದೆ. ಅದು ಕೇವಲ 1 ಮಿ.ಮೀ. ಹೊರಕ್ಕೆ ಸರಿದರೂ ಕೀಲಿನಲ್ಲಿ ಮೂಳೆಗಳು ಪರಸ್ಪರ ತಾಗುವ ವಿಸ್ತೀರ್ಣ ಸರಾಸರಿ ಶೇ. 42ರಷ್ಟು ಕುಗ್ಗುತ್ತದೆಂದು ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ವೈದ್ಯರು 1976ರಲ್ಲಿ ತೋರಿಸಿದರು. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂಬ ಪಾಠ ವಿದ್ಯಾರ್ಥಿಗಳಿಗೆ ನೆನಪಿರಬಹುದು. ದೇಹದ ಭಾರ ಅಷ್ಟೇ, ಅದನ್ನು ಹೊರುವ ಜಾಗ ಮಾತ್ರ ಕಡಿಮೆ. ಹೆಚ್ಚಿದ ಒತ್ತಡಕ್ಕೆ ಮೃದ್ವಸ್ಥಿ ಸವೆದು, ವರ್ಷಗಳ ಬಳಿಕ ಸಂಧಿವಾತ ಕಾಡಬಹುದು.

ಮೂಳೆಗಳು ಜಾಗ ಬಿಟ್ಟು ಕದಲದಿದ್ದರೆ ಪ್ಲಾಸ್ಟರ್ ಸಾಕು. ಕದಲಿದ್ದರೆ, ಕೀಲು ಸ್ಥಿರವಾಗಿಲ್ಲದಿದ್ದರೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಮುರಿದ ತುಂಡುಗಳನ್ನು ಸ್ವಸ್ಥಾನಕ್ಕೆ ತಂದು, ಉಕ್ಕಿನ ಅಥವಾ ಟೈಟಾನಿಯಂನ ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರು ಕಟ್ಟಿದ ‘ಎ.ಒ.’ ಬಳಗ ಈ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿತು. ಊತ ಬಹಳವಿದ್ದರೆ ಅದು ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ, ಒಂದು ವಾರವೋ ಅದಕ್ಕೂ ತುಸು ಹೆಚ್ಚೋ, ವೈದ್ಯರು ಕಾಯುವುದುಂಟು. ಇದು ನಿರ್ಲಕ್ಷ್ಯವಲ್ಲ; ಬಿಗಿದ ಚರ್ಮವನ್ನು ಕೊಯ್ದರೆ ಗಾಯ ಕೂಡುವುದು ಕಷ್ಟ.

ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ಬೆಳವಣಿಗೆಯ ಪದರವಿರುತ್ತದೆ. ಮುರಿತ ಅದರ ಮೂಲಕ ಹಾದುಹೋದರೆ ಮುಂದೆ ಕಾಲು ಓರೆಯಾಗುವ ಅಥವಾ ಗಿಡ್ಡವಾಗುವ ಸಂಭವವಿರುವುದರಿಂದ, ನೋವು ಹೋದ ಮೇಲೂ ವೈದ್ಯರು ಕರೆದಾಗಲೆಲ್ಲ ತೋರಿಸಬೇಕು.

ಪ್ಲೇಟು ಮೂಳೆಯನ್ನು ಕೂಡಿಸುವುದಿಲ್ಲ, ಕೂಡುವವರೆಗೆ ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಬೆಸುಗೆಯ ಕೆಲಸ ಮೂಳೆಯ ಜೀವಕೋಶಗಳದ್ದೇ, ಅದಕ್ಕೆ ವಾರಗಳು ಬೇಕು. ಮೊದಲ ದಿನಗಳಲ್ಲಿ ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಟ್ಟರೆ ಊತ ಇಳಿಯುತ್ತದೆ. ಸುಮಾರು ಆರು ವಾರ ಊರುಗೋಲಿನ ನೆರವಿನಿಂದ, ಕಾಲೂರದೆ ನಡೆಯುವುದು ಹಿಂದಿನಿಂದ ಬಂದ ವಾಡಿಕೆ. ಆದರೆ ಆಯ್ದ ರೋಗಿಗಳು ಎರಡು ವಾರಗಳ ನಂತರವೇ ಕಾಲೂರಬಹುದೆಂದು ಬ್ರಿಟನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಯಾರು ಯಾವಾಗ ಊರಬೇಕೆಂಬುದನ್ನು ಎಕ್ಸ್-ರೇ ನೋಡಿದ ಶಸ್ತ್ರವೈದ್ಯರೇ ನಿರ್ಧರಿಸಬೇಕು.

ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ಕೀವು—ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಧೂಮಪಾನ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಅಷ್ಟೆ.

ಪ್ಲಾಸ್ಟರ್ ಬಿಚ್ಚಿದ ದಿನ ಕಾಲು ಸೊರಗಿ, ಕೀಲು ಬಿಗಿದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಹೇಳಿಕೊಟ್ಟಂತೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಬಳಿಕ ಒಂಟಿ ಕಾಲಿನಲ್ಲಿ ಸಮತೋಲ ಕಾಯುವುದು, ಇಂಥ ವ್ಯಾಯಾಮಗಳನ್ನು ದಿನವೂ ಮಾಡಬೇಕು. ನಡಿಗೆ ಮೊದಲು ಮರಳುತ್ತದೆ, ಓಟಕ್ಕೆ ಇನ್ನೂ ಕೆಲವು ತಿಂಗಳು ಬೇಕು. ಶಾಲೆಯ ಪಂದ್ಯ ಹತ್ತಿರವಿದೆಯೆಂದು ಮೂಳೆ ಅವಸರಿಸುವುದಿಲ್ಲ.