ವಾಲ್ವು ಯಂತ್ರದ ಗುಂಯ್‌ಗುಟ್ಟುವಿಕೆ: ಕಾರಣ ಮತ್ತು ಪರಿಹಾರ

ಕಾರ್ಯವಿದ್ದಲ್ಲಿ ಕಾರಣವಿದ್ದೇ ತೀರಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಅದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆಯೇ ಹೊರತು ದಿನನಿತ್ಯದ ಕೆಲಸಕ್ಕೆ ಹಚ್ಚಿ ನೋಡುವುದು ಅಪರೂಪ. ಹಳೆಯ ವಾಲ್ವು ಯಂತ್ರವೊಂದು ಹಾಡಿನ ಜೊತೆಗೆ ತಾನೂ ಗುಂಯ್ ಎಂದು ಶ್ರುತಿ ಹಿಡಿದಾಗ ಆ ತರ್ಕವೇ ಹೇಗೆ ಕೈಹಿಡಿಯುತ್ತದೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಬಿ.ಎ. ವಿದ್ಯಾರ್ಥಿಗೇಕೆ ಯಂತ್ರದ ಗೊಡವೆ ಎಂದು ಮಿತ್ರರು ಕೇಳಬಹುದು. ನನ್ನ ತಂದೆಯವರು ನಾಲ್ಕನೆಯ ತರಗತಿಯವರೆಗೆ ಓದಿ ರೇಡಿಯೋ ರಿಪೇರಿಗೆ ಕುಳಿತವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೀಗಾಗಿ ಅವರ ಕೆಲಸದ ಮೇಜೂ ನನ್ನ ಪುಸ್ತಕವೂ ನನಗೆ ಅಷ್ಟು ದೂರದವುಗಳಾಗಿ ಕಾಣುವುದಿಲ್ಲ.

ಮೊದಲು ಯಂತ್ರದ ಪರಿಚಯ. ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಓಡುವ ಮುಳ್ಳಿನಿಂದ ಹುಟ್ಟುವ ವಿದ್ಯುತ್ತು ಅತ್ಯಲ್ಪ. ಅಯಸ್ಕಾಂತದ ಪಿಕಪ್ಪಿನಲ್ಲಿ ಕೆಲವೇ ಮಿಲಿವೋಲ್ಟು. ಅದನ್ನು ದೊಡ್ಡ ಆಂಪ್ಲಿಫೈಯರಿಗೆ ಒಪ್ಪಿಸುವಷ್ಟು ಬೆಳೆಸುವುದೇ ಪ್ರೀ-ಆಂಪ್ಲಿಫೈಯರಿನ ಕೆಲಸ. 1958ರ ಸುಮಾರಿಗೆ ಸ್ಟೀರಿಯೋ ತಟ್ಟೆಗಳು ಬಳಕೆಗೆ ಬಂದ ಮೇಲೆ ಎಡ ಬಲದ ಎರಡು ಮಾರ್ಗಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿದವು. ಅಮೆರಿಕದ ಫಿಲಡೆಲ್ಫಿಯಾದ ಡೈನಾಕೊ ಸಂಸ್ಥೆಯ ಪಿ.ಎ.ಎಸ್. 3 ಎಂಬ ಮಾದರಿ ಇದಕ್ಕೆ ಒಳ್ಳೆಯ ನಿದರ್ಶನ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳಲು ಅದರಲ್ಲಿ ಅವಕಾಶವಿದ್ದಿತು. ಯೂರೋಪಿನವರು ಇಸಿಸಿ83 ಎಂದು ಕರೆಯುವ 12ಎಎಕ್ಸ್7 ವಾಲ್ವುಗಳು ಮಾರ್ಗವೊಂದಕ್ಕೆ ಎರಡರಂತೆ ನಾಲ್ಕು; ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸಲು 12ಎಕ್ಸ್4 ಎಂಬುದೊಂದು.

ಈ ಯಂತ್ರಗಳಲ್ಲಿ ಗುಂಯ್‌ಕಾರವೇ ಏಕೆ ಹೆಚ್ಚು? ತಟ್ಟೆಯನ್ನು ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ ಕೊರೆಯುತ್ತಾರೆ. ಇಲ್ಲವಾದರೆ ಗೆರೆಗಳು ಒಂದನ್ನೊಂದು ಹಾಯ್ದುಬಿಡುತ್ತವೆ. ನುಡಿಸುವಾಗ ಅವನ್ನು ಮತ್ತೆ ಎತ್ತಬೇಕು. 1954ರಲ್ಲಿ ರೂಢಿಗೆ ಬಂದ ಆರ್.ಐ.ಎ.ಎ. ಕ್ರಮದಂತೆ, ಸೆಕೆಂಡಿಗೆ 1000 ಕಂಪನಗಳ ಸ್ವರಕ್ಕಿಂತ 50 ಕಂಪನಗಳ ಸ್ವರವನ್ನು ಸುಮಾರು 7 ಪಟ್ಟು ಹೆಚ್ಚು ಬೆಳೆಸಬೇಕಾಗುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಾದರೋ ಸೆಕೆಂಡಿಗೆ 50 ಆವರ್ತಗಳದ್ದೇ! ಒಳನುಸುಳಿದ ಕಳ್ಳನಿಗೆ ಮನೆಯ ಯಜಮಾನನೇ ಮಣೆ ಹಾಕಿದಂತಾಯಿತು.

ಇನ್ನು ಎಚ್ಚರಿಕೆಯ ಮಾತು. ಇಂಥ ಯಂತ್ರಗಳ ಒಳಗೆ ಸುಮಾರು 300 ವೋಲ್ಟಿನ ವಿದ್ಯುತ್ತಿರುತ್ತದೆ. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ಉಳಿದಿರಬಹುದು. ತಕ್ಕ ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರು ಇಟ್ಟು ನೋಡಿಯೇ ಕೈಹಾಕಬೇಕು. ಅಮೆರಿಕದ 117 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸೇರಿಸಿದರೆ ಅದು ಸುಟ್ಟುಹೋಗುತ್ತದೆ. ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕೇಬೇಕು. ಎಷ್ಟೋ ವರ್ಷ ಮೂಲೆಯಲ್ಲಿದ್ದ ಯಂತ್ರವನ್ನು ಮೊದಲ ಸಲ ಹಚ್ಚುವಾಗ ದಾರಿಯಲ್ಲಿ ಒಂದು ಬಲ್ಬನ್ನು ಸೇರಿಸುವುದು ಒಳ್ಳೆಯದು. ಒಳಗೆ ಕೆಟ್ಟಿದ್ದರೆ ಬಲ್ಬು ಪ್ರಖರವಾಗಿ ಉರಿದು ತಿಳಿಸುತ್ತದೆ, ಯಂತ್ರ ಉಳಿಯುತ್ತದೆ.

"ಮೊದಲು ಕಿವಿ ಕೊಡು, ಆಮೇಲೆ ಕೈ ಹಾಕು" ಎಂಬುದು ತಂದೆಯವರ ಮಾತು. ಕಿವಿಯು ಹೇಳುವುದೇನು? ಏಕಮುಖಗೊಳಿಸುವಾಗ ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ, ಸೋಸುವ ಕಂಡೆನ್ಸರು ಒಣಗಿದ್ದರೆ ಕೇಳುವ ಸದ್ದು 50ರದಲ್ಲ, 100ರದು. ಮಂದ್ರ ಷಡ್ಜಕ್ಕೂ ಅದರ ಮೇಲಿನ ಷಡ್ಜಕ್ಕೂ ಇರುವಷ್ಟು ಅಂತರ. ಅಮೆರಿಕದಲ್ಲಿ ವಿದ್ಯುತ್ತು 60 ಆವರ್ತಗಳದ್ದಾದ್ದರಿಂದ ಅಲ್ಲಿ ಇದು 120 ಆಗುತ್ತದೆ. ಶುದ್ಧ 50ರ ಸದ್ದಾದರೆ ನೆಲದ ಸಂಪರ್ಕ, ವಾಲ್ವಿನ ತಂತು, ಪಿಕಪ್ಪಿನ ತಂತಿಯ ಹೊರಬಲೆ, ಹತ್ತಿರದ ಟ್ರಾನ್ಸ್‌ಫಾರ್ಮರು, ಇವುಗಳ ಮೇಲೆ ಗುಮಾನಿ.

ಮುಂದಿನದು ಜಾನ್ ಸ್ಟುವರ್ಟ್ ಮಿಲ್ ತನ್ನ 1843ರ ತರ್ಕಗ್ರಂಥದಲ್ಲಿ ವಿವರಿಸಿದ ವಿಧಾನಗಳ ದಾರಿ. ಸದ್ದಿನ ಗುಂಡಿಯನ್ನು ತಿರುಗಿಸಿದಂತೆ ಗುಂಯ್‌ಕಾರವೂ ಏರಿಳಿದರೆ ದೋಷವು ಗುಂಡಿಗಿಂತ ಹಿಂದೆ, ಏರಿಳಿಯದಿದ್ದರೆ ಮುಂದೆ. ಒಂದು ಬದಲಾದಂತೆ ಇನ್ನೊಂದು ಬದಲಾಗುವುದನ್ನು ನೋಡುವ ವಿಧಾನವಿದು. ಎರಡು ಮಾರ್ಗಗಳಲ್ಲಿಯೂ ಸದ್ದಿದ್ದರೆ ಎರಡಕ್ಕೂ ಸಮಾನವಾದ ವಿದ್ಯುತ್ ಪೂರೈಕೆಯನ್ನು ಮೊದಲು ಶಂಕಿಸಬೇಕು. ಇದು ಅನ್ವಯ ವಿಧಾನ. ಒಂದರಲ್ಲಿ ಮಾತ್ರವಿದ್ದರೆ ಯಂತ್ರ ಆರಿಸಿ, ತಣಿಸಿ, ಎಡ ಬಲದ ವಾಲ್ವುಗಳನ್ನು ಅದಲುಬದಲು ಮಾಡಬೇಕು. ಸದ್ದು ವಾಲ್ವಿನ ಹಿಂದೆ ಹೋದರೆ ವಾಲ್ವೇ ಅಪರಾಧಿ. ಇದ್ದಲ್ಲೇ ಇದ್ದರೆ ಅಪರಾಧಿ ಬೇರೆ. ಇದು ವ್ಯತಿರೇಕ ವಿಧಾನ.

ಕಳೆದ ವರ್ಷ ನಿವೃತ್ತ ಅಧ್ಯಾಪಕರೊಬ್ಬರು ಇಂಥದೊಂದು ಯಂತ್ರವನ್ನು ನಮ್ಮ ಅಂಗಡಿಗೆ ತಂದರು. ಅದನ್ನು ಗುಜರಿಗೆ ಹಾಕಿರೆಂದು ಬೇರೆ ಕಡೆ ಹೇಳಿದ್ದರಂತೆ. ತೀರಿಕೊಂಡ ಅಣ್ಣನವರ ನೆನಪಿಗೆ ಅವರಲ್ಲಿ ಉಳಿದದ್ದು ಅದೊಂದೇ. ಎಡ ಮಾರ್ಗದಲ್ಲಿ, ಅದೂ ತಟ್ಟೆ ನುಡಿಸುವಾಗ ಮಾತ್ರ, ಜೋರಾದ ಗುಂಯ್‌ಕಾರ. ವಿದ್ಯುತ್ ಪೂರೈಕೆ ನಿರಪರಾಧಿ ಎಂದಾಯಿತು. ಪಿಕಪ್ಪಿನ ತಂತಿ ಬಿಚ್ಚಿ, ಒಳಗೇ ಎರಡು ತುದಿಗಳನ್ನು ಕೂಡಿಸಿದ ಪ್ಲಗ್ಗನ್ನು ಚುಚ್ಚಿದರೂ ಸದ್ದು ನಿಲ್ಲಲಿಲ್ಲ, ದೋಷ ಹೊರಗಿನದಲ್ಲ. ವಾಲ್ವು ಬದಲಿಸಿದರೂ ಅದು ಎಡದಲ್ಲೇ ಉಳಿಯಿತು. ಉಳಿದದ್ದು ಆ ಪ್ಲಗ್ಗಿನ ಸಾಕೆಟ್ಟು ಮತ್ತು ಅದರ ಸುತ್ತಣ ಬೆಸುಗೆ. ತಂದೆಯವರು ಕನ್ನಡಕ ಏರಿಸಿ ನೋಡಿದರು: ಸಾಕೆಟ್ಟಿನ ನೆಲದ ತಂತಿಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು. ಹೊಸ ಬೆಸುಗೆ ಬಿದ್ದೊಡನೆ ಯಂತ್ರ ಮೌನವಾಯಿತು. ಒಂದು ಬಿಡಿಭಾಗವನ್ನೂ ಕೊಳ್ಳಬೇಕಾಗಲಿಲ್ಲ.

ಬೇರೆ ದೋಷಗಳಿಗೂ ಹೀಗೆಯೇ ಲಕ್ಷಣಗಳುಂಟು. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ವಾಲ್ವು ಠಣ್ ಎಂದರೆ ಅದರ ಒಳಭಾಗ ಸಡಿಲವಾಗಿದೆ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಧೂಳು; ಶುಚಿ ಮಾಡಿದ ಮೇಲೂ ನಿಲ್ಲದಿದ್ದರೆ ಅದರ ಹಿಂದಿನ ಕಂಡೆನ್ಸರು ಸೋರಿ ಏಕಮುಖ ವಿದ್ಯುತ್ತು ಗುಂಡಿಗೆ ಬರುತ್ತಿರಬಹುದು. ಹಳೆಯ ಸೆಲೆನಿಯಂ ಪಟ್ಟಿ ಸುಟ್ಟರೆ ಕೊಳೆತ ಮೂಲಂಗಿಯಂಥ ವಾಸನೆ ಬರುತ್ತದೆ. ಆ ಹೊಗೆ ವಿಷ. ಕಿಟಕಿ ತೆರೆದು ದೂರ ಸರಿಯಬೇಕು. ಅದರ ಬದಲು ಸಿಲಿಕಾನ್ ಡಯೋಡು ಹಾಕುವಾಗ ವೋಲ್ಟು ಏರುವುದರಿಂದ ತಕ್ಕ ರೆಸಿಸ್ಟರನ್ನೂ ಸೇರಿಸಬೇಕು. ಸದ್ದು ನಿಲ್ಲಲೆಂದು ಗೋಡೆಯ ಪ್ಲಗ್ಗಿನ ಅರ್ಥ್ ತಂತಿಯನ್ನು ಕತ್ತರಿಸುವುದಂತೂ ಸರ್ವಥಾ ಕೂಡದು. ಗುಂಯ್‌ಕಾರ ನಿಂತರೂ ಪ್ರಾಣಕ್ಕಿದ್ದ ಕಾವಲು ಹೋಗುತ್ತದೆ.

ತಂದೆಯವರು ಮಿಲ್ಲನ ಹೆಸರನ್ನು ಕೇಳಿದವರಲ್ಲ. ಅವರ ಕೈ ನಡೆದ ದಾರಿಗೆ ಪುಸ್ತಕದಲ್ಲಿ ಹೆಸರಿದೆಯೆಂದು ನಾನು ಓದಿ ಹೇಳಿದಾಗ, "ಹೆಸರು ಗೊತ್ತಾದದ್ದು ಒಳ್ಳೆಯದಾಯಿತು, ನಾಳೆ ಇನ್ನೊಬ್ಬರಿಗೆ ಹೇಳಿಕೊಡಬಹುದು" ಎಂದರು. ಕಲಿತವರು ಅಂಗಡಿಯ ಮೇಜನ್ನು ಕೀಳೆಂದು ಬಗೆಯದೆ, ಮೇಜಿನವರು ಪುಸ್ತಕವನ್ನು ತಮ್ಮದಲ್ಲವೆಂದು ದೂರವಿಡದೆ ಇದ್ದರೆ ಇಬ್ಬರಿಗೂ ಲಾಭವಲ್ಲವೆ? ಈ ಪ್ರಶ್ನೆಯನ್ನು ಗುರುಗಳ ಮತ್ತು ಮಿತ್ರರ ಮುಂದಿಟ್ಟು ನನ್ನ ಮಾತನ್ನು ಮುಗಿಸುತ್ತೇನೆ.